ಕಾಲುವೆಯ ದಂಡೆಯ ಮೇಲೆ ಬೈಸಿಕಲ್ ಪ್ರವಾಸ

ಬೈಸಿಕಲ್ಲನ್ನೇರಿ ದೂರದ ಊರುಗಳನ್ನು ನೋಡಿಬರಬೇಕೆಂದು ಹೊರಟವನಿಗೆ ಎರಡು ಶತ್ರುಗಳುಂಟು. ಒಂದು ಏರುದಾರಿ, ಇನ್ನೊಂದು ಮೋಟಾರು. ಏರುದಾರಿಯನ್ನು ಬೆವರು ಸುರಿಸಿ ಜಯಿಸಬಹುದು. ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ಮೋಟಾರನ್ನು ಜಯಿಸುವ ಉಪಾಯ ಬೈಸಿಕಲ್ಲಿನವನಿಗೆ ಇನ್ನೂ ಗೊತ್ತಾಗಿಲ್ಲ. ಅವನು ರಸ್ತೆಯ ಅಂಚಿಗೆ ಸರಿಯುತ್ತಾನೆ. ಅಂಚಿನಿಂದ ಮಣ್ಣಿಗೆ ಇಳಿಯುತ್ತಾನೆ. ಕೊನೆಗೆ ಮನೆಯಲ್ಲಿಯೇ ಕುಳಿತುಕೊಳ್ಳುತ್ತಾನೆ. ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ 2023ನೆಯ ಆಗಸ್ಟ್ 1ರಿಂದ ಬೈಸಿಕಲ್ಲಿಗೆ ಪ್ರವೇಶವೇ ಇಲ್ಲ. ವೇಗವಾಗಿ ಓಡುವ ವಾಹನಗಳ ನಡುವೆ ಅದು ಸಿಕ್ಕಿಕೊಳ್ಳಬಾರದೆಂಬುದು ನ್ಯಾಯವೇ ಸರಿ. ಹಾಗಾದರೆ ಅದು ಎಲ್ಲಿ ಹೋಗಬೇಕು, ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಏರೂ ಇಲ್ಲದ, ಮೋಟಾರೂ ಇಲ್ಲದ ದಾರಿಯೊಂದು ಭೂಮಿಯ ಮೇಲೆ ಎಲ್ಲಿಯಾದರೂ ಉಂಟೆ? ಉಂಟು. ಅದು ನೀರಿನ ಪಕ್ಕದಲ್ಲಿ ಉಂಟು. ಈ ಹೊತ್ತು ಅಂಥ ಒಂದು ದಾರಿಯ ವಿಚಾರವನ್ನು ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇನೆ. ಅದು ಹೇಗೆ ಹುಟ್ಟಿತು, ಹೇಗೆ ಹಾಳಾಯಿತು, ಮತ್ತೆ ಹೇಗೆ ಉಳಿದುಕೊಂಡಿತು ಎಂಬುದನ್ನು ತಿಳಿದರೆ, ಸದ್ದಿಲ್ಲದ ದಾರಿಯೆಂಬುದು ತಾನಾಗಿ ದೊರೆಯುವ ವಸ್ತುವಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಮೊದಲು ಒಂದು ಸಣ್ಣ ತತ್ತ್ವವನ್ನು ನೋಡೋಣ. ನೀರು ಏರನ್ನು ಹತ್ತದು. ಬಹಳ ಇಳಿಜಾರು ಸಿಕ್ಕಿದರೆ ದಂಡೆಯನ್ನು ಕೊರೆದುಕೊಂಡು ಓಡುತ್ತದೆ. ಆದಕಾರಣ ಕಾಲುವೆಯನ್ನು ತೋಡುವ ಎಂಜಿನಿಯರು ಗುಡ್ಡ ಬಂದರೆ ಅದನ್ನು ಬಳಸಿಕೊಂಡು, ಹಳ್ಳ ಬಂದರೆ ಅದರ ಮೇಲೆ ಸೇತುವೆ ಕಟ್ಟಿ, ನೆಲದ ಮಟ್ಟವನ್ನು ಕಾಪಾಡಿಕೊಂಡೇ ಮುಂದುವರಿಯಬೇಕು. ಅವನು ನೀರಿಗಾಗಿ ಪಡುವ ಈ ಕಷ್ಟದ ಫಲವನ್ನು ದಂಡೆಯ ಮೇಲೆ ಹೋಗುವವನು ಪುಕ್ಕಟೆಯಾಗಿ ಅನುಭವಿಸುತ್ತಾನೆ. ಮಂಡ್ಯದ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ನಡೆದಾಡಿದವರಿಗೆ ಇದು ಗೊತ್ತು. ಸುತ್ತಲ ಭೂಮಿ ಏರಲಿ ಇಳಿಯಲಿ, ಕಾಲಿಗೆ ಮಾತ್ರ ಆಯಾಸವಿಲ್ಲ.

ಆದರೆ ನಮ್ಮ ನಾಲೆಗೂ ನಾನು ಹೇಳಹೊರಟಿರುವ ಕಾಲುವೆಗೂ ಒಂದು ಮುಖ್ಯವಾದ ಭೇದವಿದೆ. ನಮ್ಮ ನಾಲೆಗಳು ಗದ್ದೆಗಾಗಿ ಹುಟ್ಟಿದವು. ಚಿಕ್ಕದೇವರಾಯಸಾಗರ ನಾಲೆಯಾಗಲಿ, ವಿರಿಜಾ ನಾಲೆಯಾಗಲಿ, ಅದರ ನೀರು ಮುಂದೆ ಹೋದಂತೆಲ್ಲ ತೂಬುಗಳ ಮೂಲಕ ಹಂಚಿಹೋಗುತ್ತದೆ. ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಹದಿನೇಳು, ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ತೋಡಿದ ಕಾಲುವೆಗಳಲ್ಲಿ ಬಹುಪಾಲು ದೋಣಿಗಾಗಿ ಹುಟ್ಟಿದವು. ಅಲ್ಲಿ ನೀರೇ ರಸ್ತೆ. ಆ ರಸ್ತೆಯ ಮೇಲೆ ಬಂಡಿಯಂತೆ ತೇಲುವ ದೋಣಿಯನ್ನು ಎಳೆಯುವುದಕ್ಕೆ ಯಂತ್ರವಿರಲಿಲ್ಲ. ಕುದುರೆಯೋ ಹೇಸರಗತ್ತೆಯೋ ದಂಡೆಯ ಮೇಲೆ ನಡೆದು ಉದ್ದವಾದ ಹಗ್ಗದಿಂದ ಎಳೆಯಬೇಕಾಗಿತ್ತು. ಒಂದು ಪ್ರಾಣಿ ಬಂಡಿಗೆ ಹೂಡಿದಾಗ ಎಳೆಯಬಲ್ಲದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾರವನ್ನು ನಿಂತ ನೀರಿನ ಮೇಲೆ ಎಳೆಯಬಲ್ಲದು. ಹೀಗೆ ಪ್ರತಿಯೊಂದು ದೋಣಿಗಾಲುವೆಯ ಪಕ್ಕದಲ್ಲಿಯೂ, ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಕಡಿಯದೆ, ಒಂದು ಹಾದಿ ಹೋಗಲೇ ಬೇಕಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಟೋಪಾತ್ ಎಂದು ಹೆಸರು. ನಾವು ಎಳೆಹಾದಿ ಎನ್ನೋಣ. ದೋಣಿಗಳು ಹೋದವು, ಪ್ರಾಣಿಗಳೂ ಹೋದವು. ಎಳೆಹಾದಿ ಉಳಿದಿದೆ. ಇಂದಿನ ಬೈಸಿಕಲ್ ಪ್ರವಾಸಿಗಳು ಹೇಸರಗತ್ತೆಗಳ ಆಸ್ತಿಗೆ ವಾರಸುದಾರರಾಗಿದ್ದಾರೆ.

ಇಂಥ ಹಾದಿಗಳಲ್ಲಿ ನಾನು ಚೆನ್ನಾಗಿ ಬಲ್ಲದ್ದು ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯಲ್ಲಿರುವ ಚೆಸಪೀಕ್ ಮತ್ತು ಒಹಾಯೋ ಕಾಲುವೆಯದು. ಆ ದೇಶದ ರಾಜಧಾನಿಯಾದ ವಾಷಿಂಗ್‌ಟನ್ನಿನ ಜಾರ್ಜ್‌ಟೌನ್ ಎಂಬ ಬಡಾವಣೆಯಿಂದ ಹೊರಟು, ಪಶ್ಚಿಮದ ಬೆಟ್ಟಗಳ ನಡುವೆ ಇರುವ ಕಂಬರ್ಲೆಂಡ್ ಎಂಬ ಊರಿನವರೆಗೆ ಅದು 184.5 ಮೈಲಿ ಉದ್ದವಿದೆ. ಅಷ್ಟು ದೂರವೂ ಒಂದು ಪಕ್ಕದಲ್ಲಿ ಕಾಲುವೆ, ಇನ್ನೊಂದು ಪಕ್ಕದಲ್ಲಿ ನದಿ. ಎರಡರ ನಡುವೆ ಮರಗಳ ನೆರಳಿನಲ್ಲಿ ಹಾದಿ. ವಾಷಿಂಗ್‌ಟನ್ನಿನ ಸುತ್ತಮುತ್ತ ಕನ್ನಡಿಗರು ಅನೇಕರು ನೆಲೆಸಿದ್ದಾರೆ. ನನ್ನ ಸೋದರಳಿಯನೊಬ್ಬನು ಅವರಲ್ಲಿ ಒಬ್ಬನಾದ್ದರಿಂದ ನನಗೆ ಅಲ್ಲಿಗೆ ಹೋಗುವ ಸಂದರ್ಭ ಒದಗಿತು.

ಈ ಕಾಲುವೆಯ ಚರಿತ್ರೆ ಒಂದು ಪಂದ್ಯದ ಚರಿತ್ರೆ. 1828ನೆಯ ಜುಲೈ 4ರಂದು, ಸ್ವಾತಂತ್ರ್ಯದ ಹಬ್ಬದ ದಿವಸ, ಆಗ ಅಧ್ಯಕ್ಷರಾಗಿದ್ದ ಜಾನ್ ಕ್ವಿನ್ಸಿ ಆಡಮ್ಸ್ ಅವರು ಗುದ್ದಲಿಪೂಜೆಗೆ ಬಂದರು. ಗುದ್ದಲಿ ಮರದ ಬೇರಿಗೆ ತಗಲಿ ನೆಲದಲ್ಲಿ ಇಳಿಯಲಿಲ್ಲ. ಅಧ್ಯಕ್ಷರು ಮೇಲಂಗಿಯನ್ನು ಕಳಚಿಟ್ಟು ಮತ್ತೆ ಹಾಕಿದ ಮೇಲೆ ಮಣ್ಣು ಎದ್ದಿತು. ನೆರೆದವರೆಲ್ಲ ಜಯಘೋಷ ಮಾಡಿದರು. ಅದೇ ದಿವಸ, ಅಲ್ಲಿಗೆ ಸುಮಾರು 40 ಮೈಲಿ ದೂರದ ಬಾಲ್ಟಿಮೋರ್ ನಗರದಲ್ಲಿ ತೊಂಬತ್ತು ವರ್ಷದ ವೃದ್ಧರೊಬ್ಬರು ಇನ್ನೊಂದು ಕಲ್ಲನ್ನು ನೆಟ್ಟರು. ಅವರು ಸ್ವಾತಂತ್ರ್ಯ ಘೋಷಣೆಗೆ ಸಹಿಮಾಡಿದವರಲ್ಲಿ ಬದುಕಿ ಉಳಿದಿದ್ದ ಕೊನೆಯವರಾದ ಚಾರ್ಲ್ಸ್ ಕ್ಯಾರಲ್. ಅವರು ನೆಟ್ಟದ್ದು ಬಾಲ್ಟಿಮೋರ್ ಮತ್ತು ಒಹಾಯೋ ರೈಲ್ವೆಯ ಅಸ್ತಿವಾರದ ಕಲ್ಲು. ಕಾಲುವೆಯ ಗುರಿಯೂ ರೈಲಿನ ಗುರಿಯೂ ಒಂದೇ: ಬೆಟ್ಟಗಳನ್ನು ದಾಟಿ ಒಹಾಯೋ ನದಿಯನ್ನು ಮುಟ್ಟಿ, ಪಶ್ಚಿಮದ ವ್ಯಾಪಾರವನ್ನು ಸಮುದ್ರಕ್ಕೆ ತರುವುದು.

ಕಾಲುವೆಯ ಕೆಲಸ ಸುಲಭವಾದುದಾಗಿರಲಿಲ್ಲ. ಜಾರ್ಜ್‌ಟೌನಿಗಿಂತ ಕಂಬರ್ಲೆಂಡ್ 605 ಅಡಿ ಎತ್ತರದಲ್ಲಿದೆ. ದೋಣಿಯನ್ನು ಅಷ್ಟು ಎತ್ತರಕ್ಕೆ ಹತ್ತಿಸುವುದು ಹೇಗೆ? ಅದಕ್ಕಾಗಿ ಕಾಲುವೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರು. ಒಂದೊಂದು ಮೆಟ್ಟಿಲೂ ಸುಮಾರು ಎಂಟು ಅಡಿ, ಒಟ್ಟು 74. ಇಂಗ್ಲಿಷಿನಲ್ಲಿ ಲಾಕ್ ಎಂದು ಕರೆಯುವ ಇದನ್ನು ನಾವು ಜಲಸೋಪಾನ ಎನ್ನಬಹುದು. ನೂರು ಅಡಿ ಉದ್ದ, ಹದಿನೈದು ಅಡಿ ಅಗಲದ ಒಂದು ಕಲ್ಲಿನ ತೊಟ್ಟಿ; ಅದರ ಎರಡು ತುದಿಗೂ ಜೋಡಿ ಬಾಗಿಲು. ಕೆಳಗಿನಿಂದ ಬಂದ ದೋಣಿ ಒಳಕ್ಕೆ ಸೇರಿದೊಡನೆ ಹಿಂದಿನ ಬಾಗಿಲನ್ನು ಮುಚ್ಚುತ್ತಾರೆ. ಮುಂದಿನ ಬಾಗಿಲಿನ ಕಿಂಡಿಗಳನ್ನು ತೆರೆದು ಮೇಲಿನ ನೀರನ್ನು ತೊಟ್ಟಿಗೆ ಬಿಡುತ್ತಾರೆ. ನೀರು ತುಂಬಿದಂತೆ ದೋಣಿ ತಾನಾಗಿ ಮೇಲೇಳುತ್ತದೆ. ಎರಡು ಮಟ್ಟಗಳೂ ಸಮನಾದಾಗ ಮುಂದಿನ ಬಾಗಿಲು ತೆರೆಯುತ್ತದೆ. ಬಾಗಿಲಿನ ಎರಡು ಕದಗಳೂ ಮೇಲ್ದೆಸೆಗೆ ಮೂತಿ ಚಾಚಿ ಕೂಡುವಂತೆ ಇರುವುದರಿಂದ, ನೀರು ಒತ್ತಿದಷ್ಟೂ ಅವು ಇನ್ನಷ್ಟು ಬಿಗಿಯಾಗುತ್ತವೆ. ಬೀಗ ಬೇಡ, ಅಗಳಿ ಬೇಡ. ಮೇಲೇರಿಸುವ ಶಕ್ತಿಯೂ ನೀರಿನದೇ, ಕಾವಲಿನ ಶಕ್ತಿಯೂ ನೀರಿನದೇ.

ನದಿಗೆ ಸೇರುವ ಉಪನದಿಗಳು ಅಡ್ಡ ಬಂದಾಗ ಕಾಲುವೆಯನ್ನೇ ಕಮಾನುಗಳ ಮೇಲೆ ಹೊತ್ತು ದಾಟಿಸಬೇಕಾಯಿತು. ಇಂಥ ಮೇಲ್ಗಾಲುವೆಗಳು ಹನ್ನೊಂದು. ಮೊನಾಕಸಿ ನದಿಯ ಮೇಲಿರುವುದಕ್ಕೆ ಏಳು ಕಮಾನುಗಳು. ಅದು ಮುಗಿದದ್ದು 1833ರಲ್ಲಿ. ಇನ್ನು, ಪಾಪಾ ಎಂಬ ಸ್ಥಳದಲ್ಲಿ ಪೊಟೋಮ್ಯಾಕ್ ನದಿ ಹಾವಿನಂತೆ ಸುತ್ತಿ ಸುತ್ತಿ ಹರಿಯುತ್ತದೆ. ಆ ಸುತ್ತನ್ನು ತಪ್ಪಿಸುವುದಕ್ಕಾಗಿ ಬೆಟ್ಟದಲ್ಲಿ 3,118 ಅಡಿ ಉದ್ದದ ಸುರಂಗವನ್ನು ಕೊರೆಯಲು 1836ರಲ್ಲಿ ಆರಂಭಿಸಿದರು. ಎರಡು ವರ್ಷದಲ್ಲಿ ಮುಗಿಯುವುದೆಂದು ಗುತ್ತಿಗೆದಾರನ ಎಣಿಕೆ. ಬಂಡೆ ಗಟ್ಟಿಯಾಗಿತ್ತು, ಹಣ ಮುಗಿಯಿತು, ಕೂಲಿ ನಿಂತಿತು, ಗುತ್ತಿಗೆದಾರನು ದಿವಾಳಿಯಾದನು. ನಡುವೆ ಹಲವು ವರ್ಷ ಕೆಲಸವೇ ನಿಂತುಹೋಯಿತು. ಕಡೆಗೆ ಸುರಂಗ ದೋಣಿಗೆ ತೆರೆದದ್ದು 1850ರಲ್ಲಿ. ಆ ವರ್ಷವೇ ಕಾಲುವೆ ಕಂಬರ್ಲೆಂಡನ್ನು ಮುಟ್ಟಿತು. ರೈಲಾದರೋ 1842ರಲ್ಲಿಯೇ ಅಲ್ಲಿಗೆ ಬಂದು ನಿಂತಿದ್ದಿತು. ಪಂದ್ಯದಲ್ಲಿ ಕಾಲುವೆ ಎಂಟು ವರ್ಷ ಹಿಂದೆ ಬಿದ್ದಿತು. ಅಲ್ಲಿಂದ ಮುಂದಕ್ಕೆ ಒಂದು ಗಜವನ್ನೂ ತೋಡಲಿಲ್ಲ. ಅದರ ಹೆಸರಿನಲ್ಲಿರುವ ಒಹಾಯೋ ನದಿಯನ್ನು ಅದು ಕಂಡೇ ಇಲ್ಲ.

ಆದರೂ ಸುಮಾರು ಮುಕ್ಕಾಲು ಶತಮಾನ ಅದು ಕೆಲಸ ಮಾಡಿತು. ಸುಮಾರು ತೊಂಬತ್ತು ಅಡಿ ಉದ್ದದ ದೋಣಿಗಳು ನೂರು ಟನ್ನಿಗೂ ಮೇಲ್ಪಟ್ಟು ಕಲ್ಲಿದ್ದಲನ್ನು ಹೊತ್ತು ಕೆಳಕ್ಕೆ ಬರುತ್ತಿದ್ದವು. ದೋಣಿಯೇ ಮನೆ, ಹೆಂಡತಿಯ ಅಡುಗೆ ಅಲ್ಲಿಯೇ, ಮಕ್ಕಳು ಹೇಸರಗತ್ತೆಗಳ ಜೊತೆಯಲ್ಲಿ ದಂಡೆಯ ಮೇಲೆ ನಡೆಯುತ್ತಿದ್ದರು. ಸೋಪಾನದ ಬಳಿ ಇರುವ ಸಣ್ಣ ಕಲ್ಲಿನ ಮನೆಯಲ್ಲಿ ಕಾವಲುಗಾರನ ವಾಸ. ದೋಣಿಯವನು ಕೊಂಬನ್ನು ಊದಿದರೆ ಅವನು ಹಗಲಾಗಲಿ ಇರುಳಾಗಲಿ ಎದ್ದು ಬಂದು ಬಾಗಿಲು ತೆರೆಯಬೇಕು. 1889ರ ಮಹಾಪ್ರವಾಹ ಕಾಲುವೆಯನ್ನು ಒಡೆದು ಕಂಪೆನಿಯನ್ನು ದಿವಾಳಿಮಾಡಿತು. ಹೇಗೋ ತೇಪೆ ಹಾಕಿಕೊಂಡು ನಡೆಯುತ್ತಿದ್ದುದನ್ನು 1924ರ ಪ್ರವಾಹ ನಿಲ್ಲಿಸಿಯೇ ಬಿಟ್ಟಿತು. ನೀರು ಬತ್ತಿತು, ಬಾಗಿಲುಗಳು ಕೊಳೆತವು, ಕಾಲುವೆಯ ಹೊಟ್ಟೆಯಲ್ಲಿ ಮರಗಳು ಬೆಳೆದವು. 1938ರಲ್ಲಿ ಕೇಂದ್ರ ಸರ್ಕಾರವು ಎಲ್ಲವನ್ನೂ ರೈಲ್ವೆ ಕಂಪೆನಿಯಿಂದ ಇಪ್ಪತ್ತು ಲಕ್ಷ ಡಾಲರಿಗೆ ಕೊಂಡುಕೊಂಡಿತು; ರಾಜಧಾನಿಯ ಹತ್ತಿರದ 22 ಮೈಲಿಗಳನ್ನು ದುರಸ್ತಿಮಾಡಿಸಿತು. ಉಳಿದದ್ದು ಕಾಡಾಯಿತು.

ಇಲ್ಲಿಂದ ಮುಂದೆ ಕಥೆಗೆ ಒಂದು ತಿರುವು ಬರುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಮನೆಮನೆಗೂ ಮೋಟಾರು ಬಂದಿತು. ಹಾಳುಬಿದ್ದ ಕಾಲುವೆಯ ಜಾಡು ಮಟ್ಟಸವಾಗಿದೆ, ಸರ್ಕಾರದ ಸ್ವಾಧೀನದಲ್ಲಿದೆ. ಅದರ ಮೇಲೆಯೇ ಒಂದು ಸೊಗಸಾದ ಮೋಟಾರು ರಸ್ತೆಯನ್ನು ಮಾಡಬಾರದೇಕೆ? 1950ರ ವೇಳೆಗೆ ಇದಕ್ಕೆ ಯೋಜನೆ ಸಿದ್ಧವಾಯಿತು. 1954ನೆಯ ಜನವರಿ 3ರಂದು ವಾಷಿಂಗ್‌ಟನ್ ಪೋಸ್ಟ್ ಪತ್ರಿಕೆಯ ಸಂಪಾದಕೀಯವು ಅದನ್ನು ಬೆಂಬಲಿಸಿತು. ಆ ಬರಹವನ್ನು ದುರುದ್ದೇಶದ್ದೆಂದು ತಳ್ಳಿಹಾಕಲಾಗದು. ಯಾರೂ ಹೋಗದ ಪೊದೆಯಲ್ಲಿ ಅಡಗಿರುವ ಚೆಲುವನ್ನು ರಸ್ತೆಯೊಂದಾದರೆ ಸಾವಿರಾರು ಸಂಸಾರಗಳು ನೋಡಬಹುದಲ್ಲವೆ? ಇದು ಉದಾರವಾದ ವಾದವೇ ಸರಿ.

ಇದಕ್ಕೆ ಉತ್ತರ ಬಂದದ್ದು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರಿಂದ. ಅವರ ಹೆಸರು ವಿಲಿಯಂ ಡಗ್ಲಸ್. ಆಗ ಅವರಿಗೆ ಐವತ್ತೈದು ವರ್ಷ ವಯಸ್ಸು. ಅವರಿಗೆ ಆ ಎಳೆಹಾದಿಯ ಮೇಲೆ ನಡೆದಾಡುವ ವಾಡಿಕೆಯಿದ್ದಿತು. ಜನವರಿ 19ರಂದು ಅದೇ ಪತ್ರಿಕೆಯಲ್ಲಿ ಅವರ ಕಾಗದ ಪ್ರಕಟವಾಯಿತು. ಅವರು ಅಂಕಿ ಅಂಶಗಳನ್ನು ಮುಂದಿಟ್ಟು ವಾದಿಸಲಿಲ್ಲ. ಸಂಪಾದಕೀಯವನ್ನು ಬರೆದವರು ತಮ್ಮ ಜೊತೆಯಲ್ಲಿ ಕಾಲುವೆಯ ಉದ್ದಕ್ಕೂ ನಡೆದು ನೋಡಲೆಂದು ಆಹ್ವಾನವಿತ್ತರು. ಮೋಟಾರಿನ ಸದ್ದು ಒಳಗೆ ಬಂದರೆ ನೋಡಬೇಕಾದ ವಸ್ತುವೇ ಮಾಯವಾಗುತ್ತದೆಂಬುದು ಅವರ ಮಾತಿನ ತಾತ್ಪರ್ಯ. ಪತ್ರಿಕೆಯವರು ಆಹ್ವಾನವನ್ನು ಒಪ್ಪಿಕೊಂಡರು. ಮಾರ್ಚ್ 20ರಂದು ಕಂಬರ್ಲೆಂಡಿನಿಂದ ನಡಿಗೆ ಆರಂಭವಾಯಿತು. ಹಿಮ, ಮಳೆ, ಬೊಬ್ಬೆಯೆದ್ದ ಕಾಲು ಇವುಗಳ ನಡುವೆ ಎಂಟು ದಿವಸ ನಡೆದು 27ರಂದು ರಾಜಧಾನಿಯನ್ನು ಸೇರಿದರು. ಹೊರಟವರು ಅನೇಕರು, ಇಡೀ ದೂರವನ್ನು ನಡೆದು ಮುಗಿಸಿದವರು ಒಂಬತ್ತೇ ಮಂದಿ, ಅವರಲ್ಲಿ ನ್ಯಾಯಾಧೀಶರೂ ಒಬ್ಬರು. ದಾರಿಯುದ್ದಕ್ಕೂ ಊರಿನವರು ಬಂದು ನೋಡಿದರು. ದೇಶದ ಪತ್ರಿಕೆಗಳೆಲ್ಲ ಸುದ್ದಿಯನ್ನು ಬರೆದವು. ವಾಷಿಂಗ್‌ಟನ್ ಪೋಸ್ಟ್ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡಿತು.

ಒಂದು ನಡಿಗೆಯಿಂದಲೇ ಎಲ್ಲವೂ ಆಯಿತೆಂದು ತಿಳಿಯಬಾರದು. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಕಾಲುವೆಯ ಮೇಲಿನ ಭಾಗವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಇಡೀ ಕಾಲುವೆಯನ್ನು ರಾಷ್ಟ್ರೀಯ ಚಾರಿತ್ರಿಕ ಉದ್ಯಾನವನ್ನಾಗಿ ಮಾಡುವ ಶಾಸನಕ್ಕೆ ಅಧ್ಯಕ್ಷ ನಿಕ್ಸನ್ ಅವರ ಸಹಿ ಬಿದ್ದದ್ದು 1971ನೆಯ ಜನವರಿ 8ರಂದು. ನಡಿಗೆಗೂ ಶಾಸನಕ್ಕೂ ನಡುವೆ ಹದಿನೇಳು ವರ್ಷ. ಆ ಹದಿನೇಳು ವರ್ಷವೂ ಸಭೆ ಸೇರಿ, ಅರ್ಜಿ ಬರೆದು, ಪ್ರತಿನಿಧಿಗಳನ್ನು ಕಂಡು ಕೆಲಸ ಮಾಡಿದವರು ಹಲವರು. ಅವರ ತಾಳ್ಮೆಯ ಫಲ ಇಂದಿನ ಹಾದಿ.

ಈಗ ಆ ಹಾದಿಯ ಮೇಲೆ ಹೊರಡೋಣ. ನಾನೂ ನನ್ನ ಸೋದರಳಿಯನೂ ವಾಷಿಂಗ್‌ಟನ್ನಿನಿಂದ ಕಂಬರ್ಲೆಂಡಿಗೆ ಹೋದದ್ದು ರೈಲಿನಲ್ಲಿ; ಬೈಸಿಕಲ್ಲುಗಳನ್ನೂ ಅದರಲ್ಲಿಯೇ ಹಾಕಿದ್ದೆವು. ಕಾಲುವೆಯನ್ನು ಸೋಲಿಸಿದ ಆ ಹಳೆಯ ರೈಲುದಾರಿಯೇ ಇಂದು ಕಾಲುವೆಯ ಅತಿಥಿಗಳನ್ನು ಹೊತ್ತುಕೊಂಡು ಹೋಗಿ ಅದರ ತಲೆಯ ಬಳಿ ಇಳಿಸುತ್ತದೆ. ಮೇಲಿನಿಂದ ಕೆಳಕ್ಕೆ ಬರುವುದರಲ್ಲಿ ಒಂದು ಲಾಭವುಂಟು. ಇಳಿಜಾರು ಮೈಲಿಗೆ ಮೂರು ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದೂ ದಾರಿಯ ಉದ್ದಕ್ಕೂ ಹಂಚಿರುವುದಲ್ಲ. ಮೈಲಿಗಟ್ಟಲೆ ಹಾದಿ ಹಲಗೆಯಂತೆ ಸಮನಾಗಿರುತ್ತದೆ, ಸೋಪಾನವೊಂದು ಬಂದಾಗ ಬೈಸಿಕಲ್ಲು ತಾನಾಗಿ ನಾಲ್ಕು ಮಾರು ಕೆಳಕ್ಕೆ ಜಾರುತ್ತದೆ, ಮತ್ತೆ ಸಮ. ಕಣ್ಣು ಮುಚ್ಚಿದ್ದರೂ ಸೋಪಾನ ಬಂದಿತೆಂಬುದು ತಿಳಿಯುತ್ತದೆ.

ಊರುಗಳ ದೂರವನ್ನು ಹೇಳುವುದಾದರೆ, ಕಂಬರ್ಲೆಂಡಿನಿಂದ ಹ್ಯಾನ್‌ಕಾಕ್ ಸುಮಾರು 60 ಮೈಲಿ. ಅಲ್ಲಿಂದ ವಿಲಿಯಮ್ಸ್‌ಪೋರ್ಟ್ 24. ಅಲ್ಲಿಂದ ಹಾರ್ಪರ್ಸ್ ಫೆರಿಯ ಎದುರು ದಂಡೆ ಸುಮಾರು 40. ಕಡೆಗೆ ಜಾರ್ಜ್‌ಟೌನ್ 60. ಯುವಕರು ಮೂರು ದಿವಸದಲ್ಲಿ ಮುಗಿಸುವುದುಂಟು. ನೋಡುತ್ತ ಹೋಗಬೇಕೆಂಬವರಿಗೆ ಐದಾರು ದಿವಸ ಬೇಕು. ಐದು ಹತ್ತು ಮೈಲಿಗೊಂದರಂತೆ ಗುಡಾರ ಹಾಕಿಕೊಳ್ಳುವ ತಾವುಗಳಿವೆ. ಚಳಿಗಾಲವೊಂದನ್ನು ಬಿಟ್ಟು ಅಲ್ಲಿ ಕೈಪಂಪಿನ ನೀರು ಸಿಕ್ಕುತ್ತದೆ. ಹಳೆಯ ಕಾವಲುಗಾರರ ಮನೆಗಳಲ್ಲಿ ಕೆಲವನ್ನು ಪ್ರವಾಸಿಗಳಿಗೆ ರಾತ್ರಿಯ ಬಿಡಾರಕ್ಕೆ ಬಾಡಿಗೆಗೆ ಕೊಡುತ್ತಾರೆ. ಹಾದಿ ಮಣ್ಣು ಮತ್ತು ಜಲ್ಲಿಯದು, ಟಾರಿನದಲ್ಲ. ಬಿಸಿಲು ಬಿದ್ದರೆ ಗಟ್ಟಿ, ಮಳೆ ಬಂದರೆ ಕೆಸರು. ಆದ್ದರಿಂದ ಕಿರಿದಾದ ಟೈರಿನ ಓಟದ ಬೈಸಿಕಲ್ಲು ಇಲ್ಲಿ ಕೆಲಸಕ್ಕೆ ಬಾರದು. ಅಗಲವಾದ ಟೈರು, ಕೆಸರುತಗಡು, ಗಾಳಿಪಂಪು, ತೇಪೆಯ ಸಾಮಾನು, ಇವು ಅವಶ್ಯ. ಒಂದು ಊರಿನಿಂದ ಇನ್ನೊಂದು ಊರಿನ ನಡುವೆ ಅಂಗಡಿಗಳಿಲ್ಲದಿರುವುದರಿಂದ ಬುತ್ತಿಯನ್ನೂ ಕಟ್ಟಿಕೊಂಡಿರಬೇಕು. ನಮ್ಮ ಬುತ್ತಿಯಲ್ಲಿ ಅಳಿಯನ ಹೆಂಡತಿ ಕೊಟ್ಟಿದ್ದ ಚಪಾತಿ ಚಟ್ನಿಪುಡಿಗಳಿದ್ದವು. ಅವು ಎರಡನೆಯ ದಿವಸದ ಮಧ್ಯಾಹ್ನಕ್ಕೆ ಮುಗಿದುಹೋದದ್ದೇ ಆ ಪ್ರವಾಸದ ದುಃಖಗಳಲ್ಲಿ ಮೊದಲನೆಯದು.

ಎರಡನೆಯ ಪ್ರಸಂಗ ಸುರಂಗದ್ದು. ಪಾಪಾ ಸುರಂಗದ ಬಾಯಿಗೆ ಬಂದಾಗ ಅಳಿಯನು, “ಮಾವ, ದೀಪ ತಂದಿದ್ದೀರಾ?” ಎಂದು ಕೇಳಿದನು. ಆ ತುದಿಯಲ್ಲಿ ಬೆಳಕು ಬಿಲ್ಲೆಯಂತೆ ಕಾಣುತ್ತಿತ್ತು; ದೀಪವೇಕೆಂದು ನಾನು ಉದಾಸೀನ ಮಾಡಿದೆನು. ಒಳಗೆ ಹೆಜ್ಜೆಯಿಟ್ಟ ಮೇಲೆ ಗೊತ್ತಾಯಿತು: ಆ ಬಿಲ್ಲೆ ಕಣ್ಣಿಗೆ ಕಾಣುತ್ತದೆಯೇ ಹೊರತು ಕಾಲಿಗೆ ದಾರಿ ತೋರಿಸುವುದಿಲ್ಲ. ಎಳೆಹಾದಿ ಇಲ್ಲಿ ಕೆಲವೇ ಅಡಿ ಅಗಲ. ಒಂದು ಕಡೆ ಇಟ್ಟಿಗೆಯ ಗೋಡೆ, ಇನ್ನೊಂದು ಕಡೆ ಮರದ ಕೈಪಿಡಿ, ಅದರಾಚೆ ಕತ್ತಲೆಯಲ್ಲಿ ನೀರು. ತಲೆಯ ಮೇಲಿನಿಂದ ಹನಿಗಳು ತೊಟ್ಟಿಕ್ಕುತ್ತವೆ. ಬೈಸಿಕಲ್ಲಿನಿಂದ ಇಳಿದು, ಅಳಿಯನ ದೀಪದ ಹಿಂದೆ ಕೈಪಿಡಿಯನ್ನು ಸವರಿಕೊಂಡು ನಡೆದೆನು. ಹಾಗೆ ಸವರುವಾಗ ಮರದಲ್ಲಿ ಆಳವಾದ ಗೆರೆಗಳು ಕೈಗೆ ಸಿಕ್ಕಿದವು. ದೋಣಿಯ ಹಗ್ಗಗಳು ಉಜ್ಜಿ ಉಜ್ಜಿ ಮಾಡಿದ ಗೆರೆಗಳು ಎಂದು ಅಳಿಯನು ಹೇಳಿದನು. ಈ ಇಟ್ಟಿಗೆಗಳನ್ನು ಇಟ್ಟವರು, ಈ ಹಗ್ಗವನ್ನು ಹಿಡಿದವರು, ಯಾರ ಹೆಸರೂ ಅಲ್ಲಿಲ್ಲ. ಅವರ ಕೆಲಸವನ್ನು ಮಾತ್ರ ಕೈಯಿಂದ ಮುಟ್ಟಬಹುದು. ನಮ್ಮ ವಿಶ್ವೇಶ್ವರಯ್ಯ ನಾಲೆಗೂ ಹುಲಿಕೆರೆಯ ಬಳಿ ಇಂಥದೇ ಒಂದು ಸುರಂಗವಿದೆ. ಅಲ್ಲಿ ನೀರಿಗೆ ಮಾತ್ರ ದಾರಿ. ಇಲ್ಲಿ ಮನುಷ್ಯನಿಗೂ ಪ್ರಾಣಿಗೂ ದಾರಿಯನ್ನು ಬಿಟ್ಟಿದ್ದರಿಂದ ನಮ್ಮಂಥವರು ದಾಟಲು ಸಾಧ್ಯವಾಯಿತು.

ಸುರಂಗದಿಂದ ಈಚೆಗೆ ಬಂದರೆ ಮತ್ತೆ ಮರಗಳ ನೆರಳು. ಕಾಲುವೆಯಲ್ಲಿ ನೀರು ನಿಂತಿರುವ ಕಡೆಗಳಲ್ಲಿ ಬಿದ್ದ ಮರದ ಬೊಡ್ಡೆಗಳ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿರುತ್ತವೆ. ಬೈಸಿಕಲ್ಲು ಹತ್ತಿರ ಬಂದರೆ ಒಂದಾದ ಮೇಲೊಂದು ನೀರಿಗೆ ಬೀಳುತ್ತವೆ. ನೀಲಿ ಬೂದಿಯ ಬಣ್ಣದ ದೊಡ್ಡ ಬಕಪಕ್ಷಿ ಒಂಟಿಕಾಲಿನ ತಪಸ್ಸಿನಲ್ಲಿರುತ್ತದೆ. ಇವೆಲ್ಲವೂ ಮೋಟಾರಿನಲ್ಲಿ ಹೋಗುವವನಿಗೆ ಕಾಣಬಹುದೇನೋ. ಆದರೆ ಆಮೆ ನೀರಿಗೆ ಬಿದ್ದ ಸದ್ದು ಅವನಿಗೆ ಕೇಳದು. ನ್ಯಾಯಾಧೀಶರ ವಾದ ನನಗೆ ಪೂರ್ತಿಯಾಗಿ ಅರ್ಥವಾದದ್ದು ಆ ಸದ್ದನ್ನು ಕೇಳಿದಾಗ.

ಕಂಬರ್ಲೆಂಡಿನಿಂದ ಪಶ್ಚಿಮಕ್ಕೆ ಹೋಗಬೇಕೆಂಬವರಿಗೆ ಈಗ ಇನ್ನೊಂದು ಹಾದಿ ಕೂಡಿಕೊಂಡಿದೆ. ಅದರ ಹೆಸರು ಗ್ರೇಟ್ ಅಲೆಘೆನಿ ಪ್ಯಾಸೇಜ್. ಕಿತ್ತುಹಾಕಿದ ಹಳೆಯ ರೈಲುದಾರಿಗಳ ಜಾಡಿನ ಮೇಲೆ, ನದಿಗಳ ಪಕ್ಕದಲ್ಲಿ, 150 ಮೈಲಿ ಹೋಗಿ ಅದು ಪಿಟ್ಸ್‌ಬರ್ಗ್ ನಗರವನ್ನು ಸೇರುತ್ತದೆ. ಒಹಾಯೋ ನದಿ ಹುಟ್ಟುವುದು ಅಲ್ಲಿಯೇ. ಈ ಹಾದಿ ಸಂಪೂರ್ಣವಾದದ್ದು 2013ರಲ್ಲಿ. 1828ರಲ್ಲಿ ಅಧ್ಯಕ್ಷರ ಗುದ್ದಲಿ ಯಾವ ಗುರಿಯನ್ನಿಟ್ಟುಕೊಂಡು ಎದ್ದಿತೋ ಅದನ್ನು ದೋಣಿ ಮುಟ್ಟಲಿಲ್ಲ. 185 ವರ್ಷಗಳ ಮೇಲೆ ಬೈಸಿಕಲ್ಲು ಮುಟ್ಟಿತು.

ಇಷ್ಟರಿಂದ ಆ ಹಾದಿ ಸ್ಥಿರವಾಯಿತೆಂದಲ್ಲ. ಅದರ ನಿಜವಾದ ಒಡೆತನ ಪೊಟೋಮ್ಯಾಕ್ ನದಿಯದು. 1972ರಲ್ಲಿ ಆಗ್ನೆಸ್ ಎಂಬ ಬಿರುಗಾಳಿಯ ಪ್ರವಾಹ ಉದ್ದಕ್ಕೂ ಹಾನಿಮಾಡಿತು. 1996ರಲ್ಲಿ ಒಂದೇ ವರ್ಷದಲ್ಲಿ ಎರಡು ಪ್ರವಾಹಗಳು ಬಂದು, ಬಿಗ್ ಸ್ಲ್ಯಾಕ್‌ವಾಟರ್ ಎಂಬಲ್ಲಿ ಬಂಡೆಗೂ ನದಿಗೂ ನಡುವಣ ಹಾದಿಯನ್ನು ಕೊಚ್ಚಿಹಾಕಿದವು. ಹದಿನಾರು ವರ್ಷ ಪ್ರವಾಸಿಗಳು ಮೋಟಾರುಗಳು ಓಡಾಡುವ ಇಕ್ಕಟ್ಟಾದ ರಸ್ತೆಯಲ್ಲಿ ಬಳಸಿಕೊಂಡು ಹೋಗಬೇಕಾಯಿತು. ಕಾಂಕ್ರೀಟಿನ ದಾರಿ ಕಟ್ಟಿ ಮತ್ತೆ ತೆರೆದದ್ದು 2012ರಲ್ಲಿ. ಮೊನಾಕಸಿಯ ಮೇಲ್ಗಾಲುವೆ ಕುಸಿಯುವುದೆಂಬ ಭಯದಿಂದ ದಶಕಗಳ ಕಾಲ ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡು ನಿಂತಿತ್ತು; ಅದರ ಜೀರ್ಣೋದ್ಧಾರ ಮುಗಿದದ್ದು 2005ರಲ್ಲಿ. ಹಾದಿಯನ್ನು ಒಮ್ಮೆ ಉಳಿಸಿದರೆ ಸಾಲದು. ಪ್ರತಿ ವರ್ಷವೂ ಉಳಿಸುತ್ತಿರಬೇಕು.

ಇದನ್ನೆಲ್ಲ ಕೇಳಿದ ಶ್ರೋತೃಗಳು, ನಮ್ಮ ನಾಲೆಗಳ ಏರಿಯ ಮೇಲೆಯೂ ಹೀಗೆ ಹೊರಟುಬಿಡೋಣವೆ ಎಂದು ಕೇಳಬಹುದು. ಅವಸರ ಬೇಡ. ಅಲ್ಲಿಯ ಕಾಲುವೆಯಲ್ಲಿ ನೀರು ಬಹುಮಟ್ಟಿಗೆ ನಿಂತಿದೆ, ಎಷ್ಟೋ ಕಡೆ ಬತ್ತಿದೆ. ನಮ್ಮ ನಾಲೆಯಲ್ಲಿ ಅದು ಆಳವಾಗಿ, ರಭಸದಿಂದ ಹರಿಯುತ್ತದೆ. ಹಲವು ಕಡೆ ಅದರ ಏರಿಯೇ ಬಸ್ಸಿಗೂ ಟ್ರಾಕ್ಟರಿಗೂ ದಾರಿ. 2018ನೆಯ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು; ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ನೀರಿನ ಪಕ್ಕದ ದಾರಿಯಲ್ಲಿ ಯಾವುದು ಹೋಗಬೇಕು, ಯಾವುದು ಹೋಗಬಾರದು ಎಂಬುದು ವಿನೋದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಭಾರದ ವಾಹನಗಳಿಗೆ ಬೇರೆ ರಸ್ತೆ, ಅಂಚಿಗೆ ತಡೆಗೋಡೆ, ಇವು ಮೊದಲು ಬರಬೇಕು. ಅನಂತರ ಆ ಏರಿಯ ಮೇಲೆ ಶಾಲೆಯ ಹುಡುಗಿಯೂ, ಕೂಲಿಗೆ ಹೋಗುವವನೂ, ರಜಾದಿನದ ಪ್ರವಾಸಿಯೂ ಬೈಸಿಕಲ್ಲಿನಲ್ಲಿ ನಿರ್ಭಯವಾಗಿ ಹೋಗಬಹುದು. ನಮ್ಮ ಎಂಜಿನಿಯರುಗಳೂ ಒಡ್ಡರೂ ಮಟ್ಟವನ್ನು ಆಗಲೇ ಮಾಡಿಕೊಟ್ಟಿದ್ದಾರೆ. ಆ ಕೆಲಸವನ್ನು ಮತ್ತೆ ಮಾಡಬೇಕಾಗಿಲ್ಲ.

ಜಾರ್ಜ್‌ಟೌನಿನಲ್ಲಿ ಹಾದಿ ಮುಗಿಯುತ್ತದೆ. ಅಲ್ಲಿ ನದಿಯ ಅಂಚಿನಲ್ಲಿ ಸೊನ್ನೆಯ ಮೈಲಿಗಲ್ಲೊಂದುಂಟು. ನಾವು ಅದನ್ನು ಮುಟ್ಟಿ ಹಿಂದಿರುಗಿದಾಗ, ನಾಲ್ಕು ಹೆಜ್ಜೆ ಆಚೆಗೆ ಮೋಟಾರುಗಳ ಸಾಲು ಭೋರ್ಗರೆಯುತ್ತಿತ್ತು. ಅಳಿಯನು ಬೈಸಿಕಲ್ಲಿನಿಂದ ಇಳಿದು ಅಂಚಿಗೆ ಸರಿದನು, ನಾನೂ ಸರಿದೆನು.